ನೀರು ಎಲ್ಲಿಯವರೆಗೆ ಬಂದಿತ್ತು

ನ್ಯಾಸಿಲಿಯಲ್ಲಿ ಸುಳ್ಳು ಹೇಳದ ಮನುಷ್ಯ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಊರಿನವರು ಮೊದಲು ನಗುತ್ತಿದ್ದರು, ಆಮೇಲೆ ಲೈತೋನಿ ಖೆಂಬೊನ ಮನೆಯ ಕಡೆ ಬೆರಳು ತೋರಿಸುತ್ತಿದ್ದರು. ನಗುವಿಗೆ ಕಾರಣವಿತ್ತು. ಶಿರೆ ನದಿಯ ಕೆಳಕಣಿವೆಯಲ್ಲಿ ಬದುಕುವವರು ನೆಂಟರಿಗೊಂದು, ಪಾದ್ರಿಗೊಂದು, ಸರ್ಕಾರಕ್ಕೊಂದು ಮಾತು ಇಟ್ಟುಕೊಂಡೇ ಬದುಕಬೇಕು. ಎಲ್ಲರಿಗೂ ಒಂದೇ ಮಾತು ಹೇಳುವವನನ್ನು ಒಳ್ಳೆಯವನೆಂದು ಹೊಗಳಬಹುದು, ಬುದ್ಧಿವಂತನೆಂದು ಹೊಗಳುವುದು ಕಷ್ಟ.

ಖೆಂಬೊನ ಕೆಲಸವೂ ಅಂಥದ್ದೇ. ನದಿಯ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೆಟ್ಟ ಐದು ಕಬ್ಬಿಣದ ಕಂಬಗಳಿದ್ದವು. ಅವುಗಳಿಗೆ ಕಪ್ಪು ಬಿಳಿ ಗೆರೆಯ ಪಟ್ಟಿಗಳನ್ನು ಬಡಿದಿದ್ದರು. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಅಲ್ಲಿಗೆ ಹೋಗಿ, ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಹಾಳೆ ಹರಿದು ಜಿಲ್ಲಾ ಕಚೇರಿಗೆ ಕಳಿಸಬೇಕು. ನೀರಿನ ಇಲಾಖೆ ಇದಕ್ಕೆ ಕೊಡುತ್ತಿದ್ದ ಸಂಬಳ ಉಪ್ಪಿಗೂ ಸಾಬೂನಿಗೂ ಸರಿಹೋಗುತ್ತಿತ್ತು, ಅದೂ ಬಂದ ತಿಂಗಳು. ಇಪ್ಪತ್ತಾರು ವರ್ಷ ಅವನು ಈ ಕೆಲಸ ಮಾಡಿದ. ಊರಿನವರು ಅವನ ಹೆಸರನ್ನೇ ಮರೆತು 'ಅ-ಮೀಟಾ' ಎನ್ನುತ್ತಿದ್ದರು, ಮೀಟರ್ ಸಾಹೇಬರು ಎಂದ ಹಾಗೆ. ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ.

ಅವನ ಅಪ್ಪ ಮರದ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಮಗ ನಾಲ್ಕನೇ ತರಗತಿಯವರೆಗೆ ಓದಿದ; ಐದನೇ ತರಗತಿ ಇದ್ದದ್ದು ಆಚೆ ದಡದಲ್ಲಿ, ಮೊಸಳೆಗಳಿದ್ದದ್ದು ನಡುವೆ. ಕೆಲವು ವರ್ಷ ಕಬ್ಬಿನ ತೋಟದಲ್ಲಿ ಕೂಲಿ ಮಾಡಿ, ಎನೆಲೆಸಿಯನ್ನು ಮದುವೆಯಾಗಿ ಊರಿಗೆ ಮರಳಿದ. ಕಂಬ ನೆಡಲು ಬಂದ ಎಂಜಿನಿಯರ್ ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎರಡು ಮೀಟರ್ ಮೂವತ್ತೇಳು ಸೆಂಟಿಮೀಟರನ್ನು ಮರಳಿನ ಮೇಲೆ ಬರೆಯಿರಿ ಎಂದನಂತೆ. ಚುಕ್ಕಿಯನ್ನು ಸರಿಯಾದ ಜಾಗದಲ್ಲಿ ಇಟ್ಟವನು ಖೆಂಬೊ ಒಬ್ಬನೇ. "ಈ ಚುಕ್ಕಿ ಅತ್ತಿತ್ತ ಆದ್ರೆ ಹತ್ತೂರು ಮುಳುಗುತ್ತೆ, ತಿಳೀತಾ?" ಎಂದು ಎಂಜಿನಿಯರ್ ಗದರಿಸಿದ. ಅವನು ಈ ಮಾತನ್ನು ಹೋದ ಊರಲ್ಲೆಲ್ಲ ಹೇಳುತ್ತಿದ್ದಿರಬೇಕು. ನಂಬಿದವನು ಮಾತ್ರ ಇವನೊಬ್ಬ.

ಬೇರೆ ಊರಿನ ಅಳತೆ ಓದುಗಾರರು ಮನೆಯ ಜಗಲಿಯಲ್ಲೇ ಕೂತು, ನಿನ್ನೆಯ ಅಂಕಿಗೆ ಎರಡು ಸೇರಿಸಿಯೋ ಎರಡು ಕಳೆದೋ ಬರೆದುಬಿಡುತ್ತಿದ್ದರು. ಖೆಂಬೊ ಮಲೇರಿಯಾ ಜ್ವರದಲ್ಲೂ ಹೆಂಡತಿಯ ಹೆಗಲು ಹಿಡಿದು ದಂಡೆಗೆ ಹೋಗುತ್ತಿದ್ದ. ಒಂದು ಸಲ ಮರಿ ಹಾಕಿದ ನೀರಾನೆಯೊಂದು ಕಂಬದ ದಾರಿಯಲ್ಲೇ ಠಿಕಾಣಿ ಹೂಡಿತು. ನಾಲ್ಕು ದಿನ ಯಾರೂ ಅತ್ತ ಸುಳಿಯುವಂತಿರಲಿಲ್ಲ. ಖೆಂಬೊ ಆ ನಾಲ್ಕು ದಿನದ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ 'ನೀರಾನೆ ಇತ್ತು. ನೋಡಲಿಲ್ಲ' ಎಂದು ಬರೆದು ಕಳಿಸಿದ. ಕಚೇರಿಯಿಂದ ಸಿಡುಕಿನ ಕಾಗದ ಬಂತು. ಖಾಲಿ ಬಿಡಕೂಡದು, ಅಂದಾಜಿನಲ್ಲಿ ತುಂಬಿ ಕಳಿಸಬೇಕು ಎಂದು ಅದರಲ್ಲಿತ್ತು.

"ತುಂಬಿ ಕಳ್ಸಿ ಅಂತ ಸರ್ಕಾರಾನೇ ಹೇಳ್ತಿದೆ, ನಿಮಗೇನ್ರೀ ಸಂಕಟ?" ಎಂದಳು ಎನೆಲೆಸಿ. "ಆ ನಾಲ್ಕು ದಿನ ನದಿ ಎಲ್ಲಿಗಾದ್ರೂ ಎದ್ದು ಹೋಗಿತ್ತಾ?"

"ಹೋಗಿರ್ಲಿಲ್ಲ. ಆದ್ರೆ ನಾನು ನೋಡಿಲ್ವಲ್ಲ."

"ನೋಡದೇ ಇರೋದನ್ನ ಹೇಳ್ಬಾರ್ದು ಅಂದ್ರೆ ಪಾದ್ರಿಗಳ ಬಾಯಿಗೆಲ್ಲ ಬೀಗ ಹಾಕ್ಬೇಕಾಗುತ್ತೆ!"

ಅವನು ತುಂಬಲಿಲ್ಲ. ಎರಡು ತಿಂಗಳ ಸಂಬಳ ಹೋಯಿತು. ಎನೆಲೆಸಿ ಆ ಎರಡು ತಿಂಗಳು ಸೊಪ್ಪಿಗೆ ಉಪ್ಪು ಹಾಕದೆ ಬಡಿಸಿ, ಪ್ರತಿ ಊಟಕ್ಕೂ ನೀರಾನೆಯ ಆರೋಗ್ಯ ವಿಚಾರಿಸಿದಳು.

ನ್ಯಾಸಿಲಿ ಮುಳುಗುವ ಊರೇ. ಅದೇನು ಹೊಸದಲ್ಲ. ಊರಿನ ಕೆಳಭಾಗ ಹೊಳೆಗೆ ಅಂಟಿಕೊಂಡಿದೆ, ಮೇಲ್ಭಾಗ ಸಣ್ಣ ಏರಿನ ಮೇಲಿದೆ, ನಡುವೆ ಹಿಟ್ಟಿನ ಗಿರಣಿ. ಇನ್ನೂ ಮೇಲಕ್ಕೆ ಅರ್ಧ ಗಂಟೆ ನಡೆದರೆ ಮ್ವಾಂಗಾ ಎಂಬ ಊರು. ಅಲ್ಲಿಗೆ ನೀರು ಯಾವ ಕಾಲಕ್ಕೂ ಬಂದದ್ದಿಲ್ಲ. ಎರಡೂರಿನ ಹಿರಿಯರು ಅಜ್ಜಂದಿರ ಕಾಲದಲ್ಲಿ ಒಂದು ಕರಾರು ಮಾಡಿಕೊಂಡಿದ್ದರು. ನೀರು ಏರಿದರೆ ನ್ಯಾಸಿಲಿಯವರು ಮ್ವಾಂಗಾಕ್ಕೆ ಹತ್ತುವುದು; ನೀರಿಳಿದು ಮೆಕ್ಕಲು ಮಣ್ಣು ಬಿದ್ದ ಮೇಲೆ ಮ್ವಾಂಗಾದವರು ನ್ಯಾಸಿಲಿಗೆ ಇಳಿದು ಬೇಸಿಗೆಯ ಬೆಳೆ ಇಡುವುದು. ಇದಕ್ಕೆ ಕಾಗದವಿಲ್ಲ, ಸಹಿ ಇಲ್ಲ. ಹುಣಸೆ ಮರದ ಕೆಳಗೆ ಕೂತು, ಇರುವೆಗಳು ಮೊಟ್ಟೆ ಹೊತ್ತು ಎತ್ತ ಹೊರಟಿವೆ ಎಂದು ನೋಡಿ, ಖೆಂಬೊನ ಅಂಕಿ ಕೇಳಿ, ಹೊರಡುವ ದಿನವನ್ನು ಊರೇ ಗೊತ್ತುಮಾಡುತ್ತಿತ್ತು. ಖೆಂಬೊ ತನ್ನ ಒಬ್ಬಳೇ ಮಗಳು ಫಲೆಸಿಯನ್ನು ಮ್ವಾಂಗಾಕ್ಕೆ ಕೊಟ್ಟದ್ದೂ ಇದೇ ಬಳಕೆಯಿಂದ. ನೆರೆ ಬಂದ ವರ್ಷ ಗಂಡ ಹೆಂಡತಿ ಎರಡು ವಾರ ಅವಳ ಅಂಗಳದಲ್ಲಿ ಚಾಪೆ ಹಾಕಿಕೊಂಡು ಇದ್ದು ಬರುತ್ತಿದ್ದರು.

ಖೆಂಬೊನ ಕೆಲಸದ ಇಪ್ಪತ್ತಾರನೇ ವರ್ಷ, ಜನವರಿಯಲ್ಲಿ ಬಂದ ನೆರೆ ಮಾತ್ರ ದೊಡ್ಡದು. ಐದು ಕಂಬಗಳೂ ಕಿತ್ತು ಹೋದವು. ಖೆಂಬೊ ಕೊನೆಯ ಪಟ್ಟಿ ಮುಳುಗುವವರೆಗೂ ಬರೆದ. ಆಮೇಲೆ ಅಳೆಯಲು ಏನೂ ಉಳಿಯಲಿಲ್ಲ. ನೀರು ಏರಿ ಏರಿ ಗಿರಣಿಯ ಎರಡನೇ ಮೆಟ್ಟಿಲು ಮುಟ್ಟಿ ಅಲ್ಲಿಗೇ ನಿಂತಿತು. ಅದನ್ನು ಅವನು ಕಣ್ಣಾರೆ ಕಂಡ. ಗಿರಣಿಯ ಮೇಲಿನ ನಲವತ್ತಮೂರು ಮನೆಗಳ ಅಂಗಳ ಒಣಗಿಯೇ ಇತ್ತು. ಆದರೆ ಆ ನಲವತ್ತಮೂರು ಮನೆಗಳ ಮೆಕ್ಕೆಜೋಳ ಬೆಳೆದದ್ದೂ ಕೆಳಗಿನ ಹೊಲದಲ್ಲೇ, ಕೊಳೆತದ್ದೂ ಅಲ್ಲೇ.

ಪರಿಹಾರದ ನಿಯಮ ಬಂತು. ನೀರು ನುಗ್ಗಿದ ಮನೆಗೆ ಮಾತ್ರ ಜೋಳ. ಹೊಟ್ಟೆಗೆ ನೀರು ನುಗ್ಗಿದೆಯೋ ಬೆಂಕಿ ಬಿದ್ದಿದೆಯೋ ಎಂದು ಕೇಳುವ ನಿಯಮ ಯಾವ ಕಚೇರಿಯಲ್ಲೂ ಇರುವುದಿಲ್ಲ. ಇಲಾಖೆಯ ಅಧಿಕಾರಿ ಬಂದು, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೆರೆ ಎಳೆಯುತ್ತಾನೆ, ಗೆರೆಯ ಕೆಳಗಿನವರಿಗೆ ಚೀಲ ಸಿಗುತ್ತದೆ, ಮೇಲಿನವರು ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು.

ಅಧಿಕಾರಿ ಬರುವ ಹಿಂದಿನ ದಿನ ಊರ ಮುಖ್ಯಸ್ಥೆ ಲೂಫಿನಾ ಹುಣಸೆ ಮರದ ಕೆಳಗೆ ಸಭೆ ಕರೆದಳು. ಲೂಫಿನಾ ಗಟ್ಟಿ ಹೆಂಗಸು. ಮೂವರು ಗಂಡಸರು ಆಸೆಪಟ್ಟ ಮುಖ್ಯಸ್ಥಿಕೆಯನ್ನು ಮೂವರನ್ನೂ ಜಗಳಕ್ಕೆ ಹಚ್ಚಿ ತಾನು ಪಡೆದವಳು.

"ಪ್ರಾರ್ಥನಾ ಮಂದಿರದ ಕಿಟಕಿ ತನಕ ಬಂತು ಅನ್ನೋಣ," ಎಂದಳು. ಮಂದಿರ ಊರಿನ ತೀರ ಮೇಲಿನ ತುದಿಯಲ್ಲಿತ್ತು. "ಅಲ್ಲಿಗೆ ಇಡೀ ಊರು ಗೆರೆ ಕೆಳಗೆ ಬರುತ್ತೆ. ಹೆಂಗಸರು ಗೋಡೆಗೆ ಹೊಳೆ ಕೆಸರು ಬಳೀಲಿ. ಆದ್ರೆ ನಾಳೆ ಬರೋ ಇಲಾಖೆ ಹುಡುಗ ಗೋಡೆ ನೋಡಲ್ಲ, ಅ-ಮೀಟಾನ ಬಾಯಿ ನೋಡ್ತಾನೆ. ಏನಂತೀಯ ಅಣ್ಣ?"

ಖೆಂಬೊ ತಲೆ ತಗ್ಗಿಸಿದ. "ಗಿರಣಿ ಎರಡನೇ ಮೆಟ್ಟಿಲು, ಅಮ್ಮ. ನೀನೂ ನೋಡಿದ್ದೀಯ."

"ನೋಡಿದ್ದೀನಪ್ಪ. ನೀರಿಗೆ ಒಂದಾಳು ಎತ್ತರ ಜಾಸ್ತಿ ಹೇಳಿದ್ರೆ ನೀರಿಗೇನು ನೋವಾಗುತ್ತಾ? ಅದೇನು ಬಂದು ಸಾಕ್ಷಿ ಹೇಳುತ್ತಾ?"

ಎಲ್ಲರೂ ನಕ್ಕರು. ನಗದವನು ಒಬ್ಬ, ಗಿರಣಿ ನಡೆಸುವ ಡಿನಾಲಾ. ಅವನ ಮನೆ ಗಿರಣಿಯ ಹಿಂದೆಯೇ, ನೀರು ಮುಟ್ಟದ ಮೊದಲ ಮನೆ. ಒಂಬತ್ತು ದಿನದ ಹಿಂದೆ ಅವನ ಹೆಂಡತಿ ಹಸಿವು ತಾಳದೆ, ನೈದಿಲೆಯ ಗೆಡ್ಡೆ ಕೀಳಲು ಸೊಂಟದ ನೀರಿಗೆ ಇಳಿದಿದ್ದಳು. ಬರಗಾಲದಲ್ಲಿ ಈ ಕಡೆಯವರು ಅದನ್ನೇ ಬೇಯಿಸಿ ತಿನ್ನುವುದು. ಮೊಸಳೆ ಅವಳನ್ನು ಅಲ್ಲಿಂದಲೇ ಎಳೆದುಕೊಂಡು ಹೋಯಿತು. ಹೂಳಲು ಒಂದು ಬಟ್ಟೆಯ ತುಂಡು ಸಿಕ್ಕಿತು. ಡಿನಾಲಾ ಸಭೆಯಲ್ಲಿ ಏನೂ ಕೇಳಲಿಲ್ಲ. ತಾಯಿಯಿಲ್ಲದ ಮೂರು ಮಕ್ಕಳು ಅವನ ಮಂಡಿಗೆ ಒರಗಿ, ಹುಣಸೆ ಬೀಜ ಚೀಪುತ್ತ ಕೂತಿದ್ದವು. ಖೆಂಬೊ ಆ ಮಕ್ಕಳನ್ನು ನೋಡಿದ, ಮತ್ತೆ ನೋಡಿದ. ಆಮೇಲೆ "ಆಯ್ತು" ಎಂದ. ಇಪ್ಪತ್ತಾರು ವರ್ಷದ ನೇಮ ಮುರಿಯಲು ಅಷ್ಟೇ ಹೊತ್ತು ಹಿಡಿಯಿತು.

ಅಧಿಕಾರಿ ಕಪೆನಿ ಎಂಬ ಹುಡುಗ. ಒಳ್ಳೆಯ ಹುಡುಗ, ಅದೇ ಗ್ರಹಚಾರ. ಕೆಟ್ಟವನಾಗಿದ್ದರೆ ಗೋಡೆಯ ಕೆಸರನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಇವನು ಜೀಪಿನಿಂದ ಇಳಿದವನೇ, ಹಿರಿಯರಿಗೆ ಮಾಡುವಂತೆ ಎರಡೂ ಕೈ ತಟ್ಟಿ, ಮಂಡಿ ಬಗ್ಗಿಸಿ ಖೆಂಬೊಗೆ ನಮಸ್ಕಾರ ಹೇಳಿದ.

"ಅಜ್ಜ, ಕಾಲೇಜಲ್ಲಿ ನಿಮ್ಮ ಹಾಳೆಗಳನ್ನ ನಮಗೆ ತೋರಿಸ್ತಿದ್ರು. 'ನೀರಾನೆ ಇತ್ತು, ನೋಡಲಿಲ್ಲ.' ನಮ್ಮ ಮೇಷ್ಟ್ರು ಅದನ್ನ ಬೋರ್ಡ್ ಮೇಲೆ ಬರೆದು, ಅಳತೆ ಅಂದ್ರೆ ಇದು ಕಣ್ರೋ ಅಂದಿದ್ರು. ಈಗ ಹೇಳಿ, ನೀರು ಎಲ್ಲೀವರೆಗೆ ಬಂದಿತ್ತು?"

ಖೆಂಬೊ ಮಂದಿರದ ಗೋಡೆಯ ಹತ್ತಿರ ಹೋಗಿ, ಕಿಟಕಿಯ ಕೆಳಗಿನ ಅಂಚಿನ ಮೇಲೆ ಕೈಯಿಟ್ಟ. ಹುಡುಗ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೈ ಇದ್ದಲ್ಲಿಗೆ ಕೆಂಪು ಬಣ್ಣ ಹಚ್ಚಿ, ಫೋಟೊ ತೆಗೆದು, ಹೊರಟುಹೋದ. ಮುಂದಿನ ವಾರ ಚೀಲಗಳು ಬಂದವು. ಊರಿನಲ್ಲಿ ಮತ್ತೆ ಜೋಳದ ಹಿಟ್ಟಿನ ನ್ಸಿಮಾ ಮುದ್ದೆ ಬೆಂದಿತು. ಡಿನಾಲಾನ ಮಕ್ಕಳು ತಿಂದು, ಹೊಟ್ಟೆ ನೋವೆಂದು ಅತ್ತು, ಮತ್ತೆ ತಿಂದವು. ಇದನ್ನು ಪಾಪ ಎನ್ನುವವರು ಯಾರಾದರೂ ಇದ್ದರೆ ಅವರು ಒಂದು ತಿಂಗಳು ನೈದಿಲೆ ಗೆಡ್ಡೆ ತಿಂದು ಆಮೇಲೆ ಮಾತಾಡಲಿ.

ಮೂರು ವರ್ಷ ಯಾರೂ ಆ ಕೆಂಪು ಬಣ್ಣದ ಸುದ್ದಿ ಎತ್ತಲಿಲ್ಲ. ಹೊಸ ಕಂಬ ನೆಡುತ್ತೇವೆ ಎಂದವರು ನೆಡಲಿಲ್ಲ. ಖೆಂಬೊ ಅಭ್ಯಾಸ ಬಲದಿಂದ ಬೆಳಿಗ್ಗೆ ಆರಕ್ಕೆ ದಂಡೆಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ.

ನಾಲ್ಕನೇ ವರ್ಷ ಎರಡು ಜೀಪು ಬಂದವು. ರಾಜಧಾನಿಯಿಂದ ಒಬ್ಬ ದೊಡ್ಡ ಅಧಿಕಾರಿ, ಜೊತೆಗೆ ಕಪೆನಿ. ಹುಣಸೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎಲ್ಲರಿಗೂ ಒಂದೊಂದು ತಂಪು ಪಾನೀಯದ ಬಾಟಲಿ ಹಂಚಿದರು. ಸರ್ಕಾರ ತಂಪು ಪಾನೀಯ ಕೊಟ್ಟಿತೆಂದರೆ ಏನೋ ಕಿತ್ತುಕೊಳ್ಳಲು ಬಂದಿದೆ ಎಂದು ಎನೆಲೆಸಿ ಅಲ್ಲೇ ಹೇಳಿದಳು. ಆದರೂ ಬಾಟಲಿ ಖಾಲಿ ಮಾಡಿದಳು.

ದೊಡ್ಡ ಅಧಿಕಾರಿ ನಕ್ಷೆ ಬಿಡಿಸಿದ. ನಕ್ಷೆಯ ಮೇಲೆ ಒಂದು ಕೆಂಪು ಗೆರೆ. "ಗೆರೆಯ ಕೆಳಗೆ ಅಪಾಯ ವಲಯ. ಇನ್ನು ಮುಂದೆ ಅಲ್ಲಿ ಯಾರೂ ವಾಸ ಮಾಡುವ ಹಾಗಿಲ್ಲ. ನಿಮಗೆ ಎತ್ತರದಲ್ಲಿ, ಕಲ್ಲುಗುಡ್ಡದ ಹತ್ತಿರ ನಿವೇಶನ ಕೊಡ್ತೀವಿ. ಕೆಳಗಿನ ಜಾಗ ಸರ್ಕಾರದ ನೀರಾವರಿ ಯೋಜನೆಗೆ ಹೋಗುತ್ತೆ."

"ಕಲ್ಲುಗುಡ್ಡದಲ್ಲಿ ಬೋರ್‌ವೆಲ್ ನೀರು ಉಪ್ಪು, ಸ್ವಾಮಿ," ಎಂದಳು ಲೂಫಿನಾ. "ಮೇಕೆ ಕೂಡ ಮೂಸಿ ವಾಪಸ್ ಬರುತ್ತೆ. ನಾವು ಇಲ್ಲಿಂದ ಹೋಗಲ್ಲ. ನೀರು ಬಂದಾಗ ಮ್ವಾಂಗಾಕ್ಕೆ ಹತ್ತುತ್ತೀವಿ, ಇಳಿದಾಗ ಇಳೀತೀವಿ. ನಮ್ಮನ್ನ ಕೇಳದೆ ಗೆರೆ ಎಳೆದೋರು ಯಾರು?"

ದೊಡ್ಡ ಅಧಿಕಾರಿ ಇದೇ ಪ್ರಶ್ನೆಗೆ ಕಾದಿದ್ದವನಂತೆ ನಕ್ಕ. "ನೀವೇ ಎಳೆದದ್ದು, ಅಮ್ಮ. ಸಮುದಾಯ ತೋರಿಸಿದ ಗುರುತು. ಪ್ರಾರ್ಥನಾ ಮಂದಿರದ ಕಿಟಕಿ. ಫೋಟೊ ಇದೆ, ಗೋಡೆ ಮೇಲೆ ಕೆಸರಿದೆ, ಓದುಗಾರರ ಹೆಸರಿದೆ. ಈ ಇಡೀ ಕಣಿವೆಯಲ್ಲಿ ನಾವು ಕಣ್ಣು ಮುಚ್ಚಿ ನಂಬುವ ಗುರುತು ಇದೊಂದೇ."

ಕಪೆನಿ ಹೆಮ್ಮೆಯಿಂದ ಖೆಂಬೊನತ್ತ ನೋಡಿದ. ಪಾಪದ ಹುಡುಗ, ಅಜ್ಜನಿಗೆ ದೊಡ್ಡ ಸಾಹೇಬರ ಮುಂದೆ ಮರ್ಯಾದೆ ಸಿಕ್ಕಿತೆಂದುಕೊಂಡಿದ್ದ. ಖೆಂಬೊಗೆ ಮಾತ್ರ ನೆಲ ಬಿರಿದು ನುಂಗಬಾರದೇ ಎನಿಸಿತು.

ಜೀಪುಗಳು ಹೋದ ಮೇಲೆ ಊರು ಅವನ ಮೇಲೆ ಬಿತ್ತು. ಅಂದು ಗೋಡೆಗೆ ಕೆಸರು ಬಳಿದ ಕೈಗಳೇ ಈಗ ಅವನ ಮುಖದ ಮುಂದೆ ಆಡಿದವು. "ಒಂದು ಮೊಳ ಕಮ್ಮಿ ತೋರಿಸಿದ್ರೆ ಆಗ್ತಿರ್ಲಿಲ್ವಾ?" ಎಂದ ಒಬ್ಬ. "ಸುಳ್ಳು ಹೇಳೋಕೆ ಬರದೇ ಇರೋನ ಕೈಲಿ ಸುಳ್ಳು ಹೇಳಿಸಿದ್ರೆ ಹಿಂಗೇ ಆಗೋದು," ಎಂದ ಇನ್ನೊಬ್ಬ.

ಆಗ ಡಿನಾಲಾ ಎದ್ದು ನಿಂತ. "ಆ ಜೋಳ ತಿಂದೋರು ಯಾರೂ ಬಾಯಿ ಬಿಡಬೇಡಿ," ಎಂದ. "ನನ್ನ ಮಕ್ಕಳು ಬದುಕಿರೋದು ಆ ಕೈಯಿಂದ. ಬೈಯೋದಾದ್ರೆ ನನ್ನ ಬೈಯಿರಿ."

ಬೈಗುಳ ನಿಂತಿತು. ಕೊನೆಗೆ ಉಳಿದ ದಾರಿ ಒಂದೇ. ಖೆಂಬೊ ಕಚೇರಿಗೆ ಹೋಗಿ ನಿಜ ಹೇಳಬೇಕು. ಆದರೆ ನಿಜ ಹೇಳಿದರೆ ಪರಿಹಾರ ಲಪಟಾಯಿಸಿದ್ದಕ್ಕೆ ಇಡೀ ಊರು ಜೈಲಿಗೆ ಹೋಗಬೇಕಾದೀತು ಎಂದು ಲೂಫಿನಾಗೆ ಭಯ. ಕೈಗೆ ಸಿಕ್ಕಿದ್ದು ಕಬ್ಬಿಣದ ಕಡಲೆ. ಖೆಂಬೊನೇ ದಾರಿ ಮಾಡಿಕೊಟ್ಟ.

"ಊರಿಗೇನೂ ಗೊತ್ತಿರ್ಲಿಲ್ಲ ಅಂತೀನಿ. ನಾನೊಬ್ನೇ ಸುಳ್ಳು ಹೇಳ್ದೆ ಅಂತೀನಿ."

"ಅದೂ ಸುಳ್ಳೇ ತಾನೇ?" ಎಂದಳು ಎನೆಲೆಸಿ.

"ಹ್ಞೂಂ. ಒಂದು ಹೇಳಿ ಅಭ್ಯಾಸ ಆಗಿದೆ."

ಜಿಲ್ಲಾ ಕಚೇರಿಗೆ ಅರ್ಧ ದಿನದ ದಾರಿ. ಖೆಂಬೊ ಒಳ್ಳೆಯ ಅಂಗಿ ಹಾಕಿಕೊಂಡು, ಲೂಫಿನಾಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದ. ಕಪೆನಿ ಎದ್ದು ಕುರ್ಚಿ ಕೊಟ್ಟ, ಚಹಾ ತರಿಸಿದ. ಖೆಂಬೊ ಚಹಾ ಮುಟ್ಟದೆ ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದ. ನೀರು ನಿಂತದ್ದು ಗಿರಣಿಯ ಎರಡನೇ ಮೆಟ್ಟಿಲಲ್ಲಿ, ಕಿಟಕಿ ಸುಳ್ಳು.

ಹುಡುಗ ನಂಬಲಿಲ್ಲ. "ಊರಿನವರು ನಿಮ್ಮ ಮೇಲೆ ಒತ್ತಡ ಹಾಕಿದ್ದಾರೆ, ಅಲ್ವಾ ಅಜ್ಜ? ನಮಗೂ ಅರ್ಥ ಆಗುತ್ತೆ. ಊರು ಬಿಡೋದು ಕಷ್ಟ."

"ಒತ್ತಡ ಹಾಕಿದ್ದು ಆವತ್ತು. ಇವತ್ತಲ್ಲ." ಹೇಳಿದ ಮೇಲೆ, ಊರನ್ನು ಎಳೆದುಬಿಟ್ಟೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡ. "ಯಾರೂ ಹಾಕಿಲ್ಲ. ನಾನೇ ಹೇಳ್ದೆ."

"ಇಪ್ಪತ್ತಾರು ವರ್ಷ ಒಂದು ಅಂಕಿ ತಪ್ಪು ಬರೀದೆ ಇರೋರು, ಅದೊಂದು ದಿನ ಸುಳ್ಳು ಹೇಳಿದ್ರಿ ಅಂದ್ರೆ ಯಾರು ನಂಬ್ತಾರೆ?"

ಖೆಂಬೊ ಅವನನ್ನೇ ನೋಡುತ್ತಾ ಕೂತ. ಆ ನೋಟದಲ್ಲಿ ಏನು ಕಂಡಿತೋ, ಹುಡುಗನ ಮುಖ ಸಣ್ಣದಾಯಿತು. ನಂಬಿಕೆ ಹುಟ್ಟಿತು, ಜೊತೆಗೆ ಇನ್ನೊಂದು ನಂಬಿಕೆ ಸತ್ತಿತು. ಅವನು ಎದ್ದು ಬಾಗಿಲು ಹಾಕಿ ಬಂದ.

"ಬಾಯಿ ಮಾತಲ್ಲಿ ಹೇಳಿದ್ರೆ ಗೆರೆ ಅಳಿಸೋಕಾಗಲ್ಲ. ಲಿಖಿತ ಹೇಳಿಕೆ ಬೇಕು. ಬೇಕೂಂತಲೇ ತಪ್ಪು ಅಳತೆ ಕೊಟ್ಟೆ, ನನ್ನ ಅಳತೆಗಳನ್ನ ಪುರಾವೆ ಅಂತ ಬಳಸಬಾರದು ಅಂತ. ಅಳತೆ*ಗಳನ್ನ*, ಅಜ್ಜ. ಒಂದನ್ನಲ್ಲ. ಒಂದು ಸುಳ್ಳು ಅಂದ್ಮೇಲೆ ಇಲಾಖೆ ಎಲ್ಲಾನೂ ತೆಗೆದುಹಾಕುತ್ತೆ. ಇಪ್ಪತ್ತಾರು ವರ್ಷದ ಪುಸ್ತಕ ಅಷ್ಟೂ."

"ನೀರಾನೇದೂ?"

"ಅದೂ."

ಖೆಂಬೊನ ಬದುಕಿನಲ್ಲಿ ತನ್ನದು ಎನ್ನುವಂಥದ್ದು ಆ ಪುಸ್ತಕಗಳು ಮಾತ್ರ. ಅವನಿಗೆ ಗಂಡು ಮಕ್ಕಳಿಲ್ಲ, ದನಗಳಿಲ್ಲ, ಹೊಲ ಊರಿನದು. ಯಾವುದೋ ಕಚೇರಿಯ ಕಪಾಟಿನಲ್ಲಿ ತನ್ನ ಕೈಬರಹ ಕೂತಿದೆ, ಅದನ್ನು ನೋಡಿ ಯಾರೋ ಸೇತುವೆ ಕಟ್ಟುತ್ತಾರೆ, ಯಾರೋ ಊರು ಖಾಲಿ ಮಾಡಿಸುತ್ತಾರೆ, ಜನ ಬದುಕುತ್ತಾರೆ ಎಂಬ ಒಂದು ಸಣ್ಣ ಗರ್ವ ಅವನಿಗಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ, ಹೆಂಡತಿಗೂ. ಆದರೆ ಊರು ಎಂದರೆ ಊರು. ಅಪ್ಪನ ಗೋರಿ, ಅವನ ದೋಣಿ ಕಟ್ಟುತ್ತಿದ್ದ ಮರ, ಡಿನಾಲಾನ ಮಕ್ಕಳು.

"ಸಹಿ ಮಾಡಿದ್ರೆ ಊರು ಉಳಿಯುತ್ತಾ?"

"ಆ ಗೆರೆ ಹೋಗುತ್ತೆ," ಎಂದ ಕಪೆನಿ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ತಿಳಿದಿದ್ದೇ ಅಷ್ಟು.

ಖೆಂಬೊ ಸಹಿ ಮಾಡಿದ. ಹೊರಗೆ ಬಂದಾಗ ಲೂಫಿನಾ ತನ್ನ ಬುತ್ತಿಯ ಕಟ್ಟು ಬಿಚ್ಚಿ, ಒಣಮೀನಿನ ದೊಡ್ಡ ತುಂಡು ಅವನಿಗೆ ಕೊಟ್ಟಳು. ಊರಿಗೆ ಬಂದ ಮೇಲೆ ಹೆಂಗಸರು ಹಾಡಿದರು, ಗಂಡಸರು ಕೈ ತಟ್ಟಿದರು. ಜೈಲಿನ ಮಾತು ಬರಲಿಲ್ಲ. ಒಬ್ಬ ಮುದುಕನನ್ನು ಹಿಡಿದು ಹಾಕಿ ಇಲಾಖೆಗೆ ಆಗಬೇಕಾದ್ದೇನೂ ಇರಲಿಲ್ಲ. ಕೆಲಸದಿಂದ ತೆಗೆದದ್ದಾಗಿ ಒಂದು ಕಾಗದ ಬಂತು, ಇಲ್ಲದ ಕಂಬಗಳ ಕೆಲಸದಿಂದ.

ಐದು ತಿಂಗಳ ಮೇಲೆ ಕಪೆನಿ ಒಬ್ಬನೇ ಮೋಟಾರ್ ಸೈಕಲ್ಲಿನಲ್ಲಿ ಬಂದ. ಊರ ಮುಖ್ಯಸ್ಥೆಯ ಮನೆಗೆ ಹೋಗದೆ ನೇರವಾಗಿ ಖೆಂಬೊನ ಅಂಗಳಕ್ಕೆ ಬಂದು, ಚಾಪೆಯ ಅಂಚಿನ ಮೇಲೆ ಕೂತ. ಎನೆಲೆಸಿ ಕೊಟ್ಟ ಜೋಳದ ಗಂಜಿಯ ಬಟ್ಟಲು ಅವನ ಕೈಯಲ್ಲೇ ಉಳಿಯಿತು.

"ಹೊಸ ನಕ್ಷೆ ಬಂದಿದೆ, ಅಜ್ಜ."

"ಗೆರೆ ಹೋಯ್ತಾ?"

"ಹೋಯ್ತು." ಹುಡುಗ ಬಟ್ಟಲಿನೊಳಗೆ ನೋಡುತ್ತಾ ಹೇಳಿದ. "ನಿಮ್ಮ ಅಳತೆ ಎಲ್ಲ ತೆಗೆದ ಮೇಲೆ ಈ ದಂಡೆಗೆ ನಂಬೋ ಅಂಥ ದಾಖಲೆನೇ ಇಲ್ಲ ಅಂತ ಆಯ್ತು. ದಾಖಲೆ ಇಲ್ಲದ ಕಡೆ ಒಂದು ನಿಯಮ ಇದೆಯಂತೆ. ಸ್ಥಳದಲ್ಲಿ ಕಾಣೋ ಅತಿ ಎತ್ತರದ ಗುರುತು ತಗೊಂಡು, ಅನುಮಾನಕ್ಕೆ ಅಂತ ಅದರ ಮೇಲೆ ಇನ್ನೂ ಒಂದೂವರೆ ಮೀಟರ್ ಸೇರಿಸಬೇಕು. ಸ್ಥಳದಲ್ಲಿ ಕಾಣೋ ಗುರುತು ಅಂದ್ರೆ ಆ ಕೆಂಪು ಬಣ್ಣಾನೇ. ಅದು ಸುಳ್ಳು ಅಂತ ನಾನು ಹೇಳ್ದೆ. ಸುಳ್ಳಾದ್ರೆ ಅನುಮಾನ ಇನ್ನೂ ಜಾಸ್ತಿ ಆಯ್ತಲ್ಲ ಅಂದ್ರು ದೊಡ್ಡ ಸಾಹೇಬ್ರು."

ಖೆಂಬೊ ಬಹಳ ಹೊತ್ತು ಲೆಕ್ಕ ಹಾಕಿದ. ಈ ಚಪ್ಪಟೆ ನೆಲದಲ್ಲಿ ಒಂದೂವರೆ ಮೀಟರ್ ಎತ್ತರವೆಂದರೆ ಎಷ್ಟು ದೂರದ ನಡಿಗೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಮ್ವಾಂಗಾ," ಎಂದ.

"ಮ್ವಾಂಗಾದ ಬೋರ್‌ವೆಲ್ ಆಚೆಗೆ," ಎಂದ ಕಪೆನಿ.

ಎನೆಲೆಸಿ ಒಲೆಯ ಹತ್ತಿರದಿಂದ ಎದ್ದು ಬಂದಳು. "ಇವ್ರನ್ನ ಇನ್ನು ಯಾವ ಕಚೇರಿಗೂ ಕರೀಬೇಡ, ಮಗಾ," ಎಂದಳು. "ಇನ್ನೊಂದು ಸಲ ಬಾಯಿ ಬಿಟ್ರೆ ಕಲ್ಲುಗುಡ್ಡಾನೂ ಮುಳುಗುತ್ತೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನನ್ನು ಹಂಗಿಸಿ ಅವಳು ಅತ್ತದ್ದು ಅದೇ ಮೊದಲು.

ಮುಂದಿನ ವಾರ ಮ್ವಾಂಗಾದಲ್ಲಿ ಕೆಂಪು ತಲೆಯ ಗೂಟ ಹೊಡೆಯುತ್ತಿದ್ದಾರೆಂದು ಸುದ್ದಿ ಬಂತು. ಖೆಂಬೊ ಬೆಳಿಗ್ಗೆಯೇ ಎದ್ದು ಏರು ಹತ್ತಿದ. ದಾರಿಯಲ್ಲಿ ಎದುರಾದ ಮ್ವಾಂಗಾದವರು ಬೆನ್ನು ತಿರುಗಿಸಲಿಲ್ಲ, ಬೈಯಲೂ ಇಲ್ಲ. ಹೇಳಬೇಕಾದ ನಮಸ್ಕಾರ ಹೇಳಿ, ಕೇಳಬೇಕಾದ ಯೋಗಕ್ಷೇಮ ಕೇಳದೆ ಮುಂದೆ ಹೋದರು.

ಫಲೆಸಿ ಅಂಗಳದಲ್ಲಿ ಒರಳಿಗೆ ಜೋಳ ಹಾಕಿ ಕುಟ್ಟುತ್ತಿದ್ದಳು. ಒಂದು ಗೂಟ ಅವಳ ಅಡಿಗೆ ಗುಡಿಸಲಿನ ಹಿಂದೆ, ಬಹಳ ಮೇಲಕ್ಕೆ ಕಾಣುತ್ತಿತ್ತು; ಅವಳ ಮನೆಯೂ ಈಗ ಗೆರೆಯ ಕೆಳಗೆ ಬಿದ್ದಿತ್ತು. ಅಪ್ಪ ಬಂದದ್ದನ್ನು ನೋಡಿದಳು. ಈ ಕಡೆ ಬಂದವರಿಗೆ ಮೊದಲು ಚಾಪೆ, ಆಮೇಲೆ ಮಾತು. ಹಗೆಯವನು ಬಂದರೂ ಹಾಗೆಯೇ. ಫಲೆಸಿ ಚಾಪೆ ತರಲು ಏಳಲಿಲ್ಲ. ಅವಳ ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

"ಅಪ್ಪ, ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ," ಎಂದಳು ಫಲೆಸಿ, ಒನಕೆ ನಿಲ್ಲಿಸಿ. "ನೀರು ಬಂದಾಗೆಲ್ಲ ನಿಮ್ಮನ್ನ, ಅಮ್ಮನ್ನ, ಅರ್ಧ ನ್ಯಾಸಿಲೀನ ಈ ಅಂಗಳದಲ್ಲೇ ಇಟ್ಕೊಂಡಿದ್ದೀನಿ. ಒಂದು ದಿನ ಈ ಮನೆಯವರು ಮುಖ ಗಂಟಿಕ್ಕಿಲ್ಲ. ನೀವು ನದಿ ಅಳೆಯೋರು, ನಿಮಗೆ ಗೊತ್ತಿರುತ್ತೆ. ಈ ಅಂಗಳಕ್ಕೆ ನೀರು ಬಂದಿದ್ದು ಯಾವಾಗ?"

"ನಾನು ಕಚೇರಿಗೆ ಹೋಗಿ ನಿಜ ಹೇಳಿದ ದಿನ, ಮಗಳೇ."

ಫಲೆಸಿ ಒರಳಿನಿಂದ ಹೊರಬಿದ್ದ ಕಾಳುಗಳನ್ನು ಆಯ್ದು ಒಳಗೆ ಹಾಕಿದಳು.

"ಹಾಗಾದ್ರೆ ಹೇಳ್ಬಾರ್ದಾಗಿತ್ತು," ಎಂದು ಮತ್ತೆ ಒನಕೆ ಎತ್ತಿದಳು.

ಚಾಪೆ ಹಾಕದ ಅಂಗಳದಲ್ಲಿ ಕೂರುವಂತಿಲ್ಲ. ಖೆಂಬೊ ಅವಳು ಆ ಒಂದು ಒರಳು ಜೋಳ ಕುಟ್ಟಿ ಮುಗಿಸುವವರೆಗೆ ನಿಂತಿದ್ದು, ಬಂದ ದಾರಿಯಲ್ಲೇ ಕೆಳಗಿಳಿದ.